ಫಾತೋರ್ಡಾದ ಹೊರಬಾಗಿಲಲ್ಲಿ

ಕಾರವಾರದಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಐನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಮಡಗಾಂವದ ಫಾತೋರ್ಡಾ ಕ್ರೀಡಾಂಗಣಕ್ಕಾದರೋ ಎಪ್ಪತ್ತರ ಆಸುಪಾಸು. ಭಾಷೆಯನ್ನು ನೋಡಿ ರಾಜ್ಯಗಳ ಗಡಿಯನ್ನು ಹಾಕಿದವರು ಕ್ರಿಕೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೀಗಾಗಿ ಆ ಆಟದ ಮಟ್ಟಿಗೆ ನಮ್ಮ ಕಾರವಾರ, ಅಂಕೋಲೆಗಳು ಬಹುಕಾಲ ಗೋವೆಯ ಸೀಮೆಗೇ ಸೇರಿದ್ದವು. 1989ರ ಅಕ್ಟೋಬರ್ 25ರಂದು ನೆಹರೂ ಕಪ್ಪಿನ ಅಂಗವಾಗಿ ಆಸ್ಟ್ರೇಲಿಯಾ ಮತ್ತು ಶ್ರೀಲಂಕಾ ತಂಡಗಳು ಫಾತೋರ್ಡಾದಲ್ಲಿ ಆಡಿದಾಗ ನಮ್ಮವರ ಈ ಯಾತ್ರೆ ಆರಂಭವಾಯಿತೆನ್ನಬೇಕು. ಆಗ ಕೊಂಕಣ ರೈಲಿರಲಿಲ್ಲ. ಕಾಳಿಯ ಸೇತುವೆಯನ್ನು ದಾಟಿ ಗೋವೆಯ ಕದಂಬ ಬಸ್ಸನ್ನು ಹಿಡಿದರಾಯಿತು. ಬನವಾಸಿಯ ಅರಸು ಮನೆತನದ ಹೆಸರನ್ನು ಹೊತ್ತ ಬಸ್ಸಿನಲ್ಲಿ ಕನ್ನಡಿಗನು ಪರರಾಜ್ಯಕ್ಕೆ ಹೋಗುವುದರಲ್ಲಿ ಒಂದು ಬಗೆಯ ಸಮಾಧಾನವಿದೆ, ಟಿಕೇಟಿನ ಹಣವನ್ನು ಮಾತ್ರ ಕೊಡಲೇಬೇಕು.

ಬಂಡಿಹಬ್ಬವನ್ನು ನೋಡಿ ಬೆಳೆದ ಅಂಕೋಲೆಯವರಿಗೆ ಪಂದ್ಯಕ್ಕೆ ಹೋಗುವುದೆಂದರೆ ಜಾತ್ರೆಗೆ ಹೋದಂತೆಯೇ. ದೇವರ ದರ್ಶನಕ್ಕೆ ಹಿಡಿಯುವ ಹೊತ್ತು ಅಲ್ಪ. ಹೋಗುವುದು, ಬರುವುದು, ತಿನ್ನುವುದು, ಗೋವೆಯ ಜಾತ್ರೆಯಾದ್ದರಿಂದ ಕುಡಿಯುವುದು ಇವೇ ದಿನದ ಬಹುಭಾಗ. ಈ ಕುಡಿತದ ವಿಷಯದಲ್ಲಿ ಕಾಳಿಯ ಆಚೆ ಈಚೆಗಳಿಗೆ ಒಂದು ಚರಿತ್ರೆಯುಂಟು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. 1949ರ ಮುಂಬಯಿ ಪಾನನಿಷೇಧ ಕಾಯಿದೆ ನಮಗೂ ಅನ್ವಯಿಸುತ್ತಿತ್ತು. ಮಾಜಾಳಿಯಿಂದಾಚೆಗೆ ಪೋರ್ತುಗೀಜರ ಆಳ್ವಿಕೆ. ಅಲ್ಲಿ ಕುಡಿಯುವುದು ಅಪರಾಧವಾಗಿರಲಿಲ್ಲ, ಊಟದ ಒಂದು ಅಂಗವಾಗಿತ್ತು. 1961ರ ಡಿಸೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು, ಅಭ್ಯಾಸ ಮುಗಿಯಲಿಲ್ಲ. ಇತ್ತ ಅಂಕೋಲೆಯದು ಬೇರೆಯೇ ಪರಂಪರೆ: 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ನಡೆದ ಊರು, ಹೆಂಡದಂಗಡಿಗಳೆದುರು ಪಿಕೆಟಿಂಗ್ ಮಾಡಿದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಇರುವ ಊರು. ಇಂಥ ಊರಿನಿಂದ ಅಂಥ ಊರಿಗೆ ಆಟವನ್ನು ನೋಡಲು ಹೋದವರ ಒಂದು ದಿನದ ವೃತ್ತಾಂತವನ್ನು ಹೇಳುತ್ತೇನೆ.

2001ರ ಏಪ್ರಿಲ್ 6. ಆ ವರ್ಷದ ಮಾರ್ಚಿಯಲ್ಲಿ ಕೊಲ್ಕತ್ತ ಮತ್ತು ಚೆನ್ನೈಗಳಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿದ ಬಿಸಿ ಇನ್ನೂ ಆರಿರಲಿಲ್ಲ. ಐದು ಒಂದು ದಿನದ ಪಂದ್ಯಗಳಲ್ಲಿ ಎರಡು ನಮಗೆ, ಎರಡು ಅವರಿಗೆ, ಕೊನೆಯದು ಫಾತೋರ್ಡಾದಲ್ಲಿ. ಅಂಕೋಲೆಯಿಂದ ಬೆಳಗಿನ ಜಾವ ಒಂದು ಟೆಂಪೋ ಮಾಡಿಕೊಂಡು ಹೊರಟೆವು. ನಮ್ಮೊಡನೆ ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರರೊಬ್ಬರಿದ್ದರು. ಅವರ ತಂದೆ 1930ರಲ್ಲಿ ಪಿಕೆಟಿಂಗ್ ಮಾಡಿ ಸೆರೆಮನೆ ಕಂಡವರು. ಮಾಸ್ತರರು ಖಾದಿ ಬಿಟ್ಟವರಲ್ಲ. ಹೆಂಡದಂಗಡಿಯ ಸಾಲಿನಲ್ಲಿ ನಡೆಯಬೇಕಾಗಿ ಬಂದರೆ ರಸ್ತೆಯ ಆಚೆ ಮಗ್ಗುಲಿಗೆ ದಾಟಿ ಹೋಗುವವರು. ಕ್ರಿಕೆಟ್ಟು ಅವರ ಏಕೈಕ ವ್ಯಸನ. ಮಡಗಾಂವದಲ್ಲಿ ಹುಟ್ಟಿ, 1971ರಲ್ಲಿ ವೆಸ್ಟ್ ಇಂಡೀಸಿನಲ್ಲಿ 642 ಓಟಗಳನ್ನು ಗಳಿಸಿದ ದಿಲೀಪ ಸರದೇಸಾಯಿ ಅವರ ಆರಾಧ್ಯದೈವ. ಆ ಸರಣಿಯನ್ನೆಲ್ಲ ಅವರು ಕೇಳಿದ್ದು ರೇಡಿಯೋದಲ್ಲಿ. ಅರುವತ್ತೆಂಟನೆಯ ವಯಸ್ಸಿಗೆ ಮೊದಲ ಬಾರಿ ಕಣ್ಣಾರೆ ಒಂದು ಪಂದ್ಯವನ್ನು ನೋಡಲು ಹೊರಟಿದ್ದರು. ಆದರೂ ರೂಢಿಯಂತೆ ಟ್ರಾನ್ಸಿಸ್ಟರು ಚೀಲದಲ್ಲಿತ್ತು.

ಕಾಣಕೋಣವನ್ನು ದಾಟಿ ಕರ್ಮಲ ಘಟ್ಟವನ್ನೇರುವಾಗ ಟೆಂಪೋದ ಚಕ್ರ ಪಂಕ್ಚರಾಯಿತು. ಫಾತೋರ್ಡಾವನ್ನು ಮುಟ್ಟುವ ಹೊತ್ತಿಗೆ ಬಾಗಿಲುಗಳು ಮುಚ್ಚಿದ್ದವು. ಒಳಗೆ ಕಾಲಿಡಲು ಜಾಗವಿಲ್ಲ. ಹೊರಗೆ ನಮ್ಮಂತೆಯೇ ಟಿಕೇಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತವರ ದೊಡ್ಡ ಗುಂಪು. ನಕಲಿ ಟಿಕೇಟುಗಳು ಮಾರಾಟವಾಗಿದ್ದವೆಂಬ ದೂರು ಆಮೇಲೆ ನ್ಯಾಯಾಲಯದವರೆಗೂ ಹೋಯಿತು. ಆ ಹೊತ್ತಿನಲ್ಲಿ ನಮಗೆ ತಿಳಿದದ್ದು ಪೊಲೀಸರ ಲಾಠಿಯೊಂದೇ. ಕಿರಿಯರು ಗೋಡೆಯುದ್ದಕ್ಕೂ ದಾರಿ ಹುಡುಕುತ್ತ ಹೋದರು. ಏಪ್ರಿಲ್ಲಿನ ಬಿಸಿಲಿನಲ್ಲಿ ಮಾಸ್ತರರನ್ನು ನಿಲ್ಲಿಸಿಕೊಳ್ಳುವಂತಿರಲಿಲ್ಲ. ನೆರಳೆಂದು ಕಂಡದ್ದು ಒಂದೇ ಒಂದು ಜಾಗ: ಮಾಡು ಇಳಿಬಿಟ್ಟ ಸಣ್ಣದೊಂದು ತಾವೆರ್ನಾ, ಎಂದರೆ ಗೋವೆಯ ಹೆಂಡದಂಗಡಿ.

ನಾನು ಅವರ ಮುಖವನ್ನು ನೋಡಿದೆ. ಅವರು ಚಪ್ಪಲಿ ಕಳಚಲೋ ಬೇಡವೋ ಎಂಬಂತೆ ಹೊಸ್ತಿಲಲ್ಲಿ ಒಂದು ಕ್ಷಣ ನಿಂತರು. ಒಳಗಿನಿಂದ ಗೇರುಹಣ್ಣಿನ ಹುಳಿ ವಾಸನೆ. ಅದು ಗೇರಿನ ಕಾಲ: ಹಣ್ಣನ್ನು ತುಳಿದು, ರಸವನ್ನು ಹುಳಿಯಿಸಿ, ಮೊದಲ ಸಲ ಬಟ್ಟಿಯಿಳಿಸಿದರೆ ಉರಾಕ್, ಅದನ್ನೇ ಮತ್ತೆ ಬಟ್ಟಿಯಿಳಿಸಿದರೆ ಫೆನಿ. ಆಗ ಒಳಗಿನಿಂದಲ್ಲ, ಕ್ರೀಡಾಂಗಣದಿಂದ ಒಂದು ಘೋಷ ಎದ್ದಿತು. ಮಾಸ್ತರರು ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು ಟ್ರಾನ್ಸಿಸ್ಟರಿನ ಕಿವಿ ಹಿಂಡಿದರು. ಅಂಗಡಿಯಾತನೊಡನೆ ಕೊಂಕಣಿಯಲ್ಲಿ ಮಾತಾಡಿ ಲಿಂಬೆಯ ಸೋಡಾ ತರಿಸಿಕೊಂಡರು. ನನ್ನ ಸಂಕೋಚವನ್ನು ಕಂಡು, “ನೀವು ಕುಡೀರಿ, ನಾ ಕೇಳ್ತೆ” ಎಂದರು.

ನಾನು ಕುಡಿದದ್ದು ಕಿಂಗ್ಸ್ ಎಂಬ ಗೋವೆಯದೇ ಬಿಯರನ್ನು. ಕುಳ್ಳಗಿನ ಬಾಟಲಿ, ತೆಳು ರುಚಿ. ಬಿಸಿಲಿಗೆ ಹೇಳಿ ಮಾಡಿಸಿದ್ದು. ಎದುರಿನ ಬೆಂಚಿನಲ್ಲಿ ಅದನ್ನೇ ಕುಡಿಯುತ್ತಿದ್ದವನು ಒಬ್ಬ ಆಸ್ಟ್ರೇಲಿಯದ ಹುಡುಗ. ತನ್ನ ತಂಡದ ಹಿಂದೆಯೇ ಊರೂರು ತಿರುಗುತ್ತ ಬಂದವನು; ಅವನ ಜೇಬಿನಲ್ಲಿಯೂ ನಮ್ಮದರಂಥದೇ ಟಿಕೇಟು. ಅವನ ದೇಶದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಬಿಯರಂತೆ. ಮೆಲ್ಬರ್ನಿನವನು ಸಿಡ್ನಿಯದನ್ನು ಮೂಸುವುದಿಲ್ಲವಂತೆ. ಯಕ್ಷಗಾನದ ಬಡಗುತಿಟ್ಟಿನವರು ತೆಂಕುತಿಟ್ಟಿನವರನ್ನು ಕುರಿತು ಆಡುವ ಮಾತುಗಳನ್ನು ನೆನೆದು ನಾನು ನಕ್ಕೆ, ಅವನಿಗೆ ವಿವರಿಸಲು ಹೋಗಲಿಲ್ಲ. ವೀಕ್ಷಕವಿವರಣೆ ಇಂಗ್ಲಿಷಿನಲ್ಲಿ ಬಂದಾಗ ಅವನು ಮುಂದೆ ಬಾಗುವನು. ಹಿಂದಿಗೆ ತಿರುಗಿದೊಡನೆ ಮಾಸ್ತರರ ಮುಖವನ್ನು ನೋಡುವನು, ಮಾಸ್ತರರು ಬೆರಳುಗಳಲ್ಲಿ ಓಟಗಳನ್ನು ತೋರಿಸುವರು.

ಶ್ರೋತೃಗಳೇ, ಆ ದಿನ ನಾನು ಕಂಡುಕೊಂಡ ಒಂದು ಸೋಜಿಗವನ್ನು ಹೇಳಬೇಕು. ಗೋಡೆಯಾಚೆಯ ಘೋಷ ನಮಗೆ ಮೊದಲು ಕೇಳಿಸುತ್ತಿತ್ತು. ಅದೇಕೆ ಎಂಬುದನ್ನು ರೇಡಿಯೋ ಆಮೇಲೆ ಹೇಳುತ್ತಿತ್ತು. ನಡುವೆ ಒಂದೆರಡು ಕ್ಷಣ. ನಾಲ್ಕೋ, ಔಟೋ? ಆ ಕ್ಷಣಗಳಲ್ಲಿ ಮೂವರೂ ಉಸಿರು ಹಿಡಿಯುತ್ತಿದ್ದೆವು. ಒಳಗೆ ಕುಳಿತವರಿಗೆ ಈ ಭಾಗ್ಯವಿರಲಿಲ್ಲ. ಅರ್ಧ ಗಂಟೆಯಾಗುವುದರೊಳಗೆ ಮಾಸ್ತರರು ಘೋಷದ ಬಣ್ಣವನ್ನೇ ಗುರುತಿಸಿ, ರೇಡಿಯೋಕ್ಕಿಂತ ಮೊದಲು “ಬೌಂಡರಿ” ಎನ್ನತೊಡಗಿದರು. ಮೂವತ್ತು ವರ್ಷ ಕೇಳಿ ಪಳಗಿದ ಕಿವಿ!

ಲಕ್ಷ್ಮಣ್ 101 ಓಟಗಳನ್ನು ಗಳಿಸಿದರು. ನಮ್ಮ ಮೊತ್ತ ಆರು ವಿಕೆಟ್ಟಿಗೆ 265. ಊಟಕ್ಕೆ ಮೀನು, ಅನ್ನ. ಮಾಸ್ತರರು ಆ ಬೆಂಚಿನಲ್ಲಿಯೇ ಉಂಡರು. ಆಸ್ಟ್ರೇಲಿಯಾದ ವಿಕೆಟ್ಟುಗಳು ಬಿದ್ದಾಗ ಅಂಗಡಿಯೆಲ್ಲ ಎದ್ದು ಕುಣಿಯಿತು. ಬಳಿಕ ಮೈಕೆಲ್ ಬೆವನ್ ಅವಸರವಿಲ್ಲದೆ, ಗದ್ದೆಗೆ ನೀರು ಕಟ್ಟುವವನಂತೆ, ಒಂದೊಂದೇ ಓಟವನ್ನು ಕೂಡಿಸುತ್ತ ಹೋದಂತೆ ಘೋಷಗಳು ವಿರಳವಾದವು. ಕೊನೆಗೆ ಗೋಡೆಯಾಚೆ ಪೂರ್ತಿ ಮೌನ. ರೇಡಿಯೋ ಹೇಳುವ ಮುನ್ನವೇ ಮಾಸ್ತರರು ಟ್ರಾನ್ಸಿಸ್ಟರನ್ನು ಆರಿಸಿದರು. ನಾಲ್ಕು ವಿಕೆಟ್ಟುಗಳಿಂದ ಸೋತಿದ್ದೆವು. ಬೆವನ್ 87, ಔಟಾಗದೆ. ಆ ಹುಡುಗ ಕುಣಿಯಬಹುದಿತ್ತು, ಕುಣಿಯಲಿಲ್ಲ. ಮಾಸ್ತರರ ಕೈ ಕುಲುಕಿ, ಅಂಗಡಿಯಾತನಿಗೆ ಮೂರು ಸೋಡಾ ಹೇಳಿದನು.

ಮರಳುವಾಗ ಮಾಜಾಳಿಯ ತನಿಖೆಯ ಠಾಣೆಯಲ್ಲಿ ಅಬಕಾರಿಯವರು ಟೆಂಪೋವನ್ನು ನಿಲ್ಲಿಸಿದರು. ಗೋವೆಯ ಅಗ್ಗದ ಬಾಟಲಿಗಳನ್ನು ತರುವುದು ನಮ್ಮ ಕಡೆಯ ಹಳೆಯ ಸಾಹಸ. ಟಾರ್ಚಿನವನು ಎಲ್ಲರನ್ನೂ ಬಿಟ್ಟು ಮಾಸ್ತರರ ಚೀಲಕ್ಕೇ ಕೈಯಿಕ್ಕಿದನು. ಹೊರಬಂದದ್ದು ಟ್ರಾನ್ಸಿಸ್ಟರು ಮತ್ತು ಒಂದು ಕೊಡೆ. “ಎಲ್ಲಿಂದ ಬಂದ್ರಿ?” ಎಂದು ಆತ ಕೇಳಿದ್ದಕ್ಕೆ ಅವರು “ಹೆಂಡದಂಗಡಿಯಿಂದ” ಎಂದರು. ಕಿರಿಯರು ನಕ್ಕರು. ಅವರು ನಗಲಿಲ್ಲ, ಕೇಳಿದ್ದಕ್ಕೆ ನಿಜವನ್ನು ಹೇಳಿದ್ದರು, ಅಷ್ಟೆ.

ಫಾತೋರ್ಡಾದಲ್ಲಿ 2007ರ ಫೆಬ್ರವರಿಯಲ್ಲಿ ಭಾರತ ಶ್ರೀಲಂಕಾವನ್ನು ಸೋಲಿಸಿತು. 2010ರ ಅಕ್ಟೋಬರಿನಲ್ಲಿ ಮತ್ತೆ ಆಸ್ಟ್ರೇಲಿಯಾ ಬಂತು, ಮಳೆಯಿಂದಾಗಿ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ. ಆಮೇಲೆ ಅದು ಕಾಲ್ಚೆಂಡಿನ ಅಂಗಳವಾಯಿತು. ಗೋವೆಯವರ ಮೊದಲ ಪ್ರೀತಿ ಅದೇ ತಾನೆ. ನಾವು ದಾಟಿ ಹೋದ ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕುಸಿದು ನೀರುಪಾಲಾಯಿತು. ಕ್ರಿಕೆಟ್ಟಿನ ಹುಚ್ಚು ಬಿಡದ ನಮ್ಮಂಥವರು ಈಗ ಅರಬೈಲು ಘಟ್ಟವನ್ನೇರಿ ರಣಜಿ ಪಂದ್ಯಕ್ಕಾಗಿ ಹುಬ್ಬಳ್ಳಿಗೆ ಹೋಗುತ್ತೇವೆ. ಅಲ್ಲಿ ನೂಕುನುಗ್ಗಲಿಲ್ಲ. ಬಿಯರಿಲ್ಲ, ಗಿರಮಿಟ್ಟು, ಮಿರ್ಚಿಭಜಿ, ಚಹಾ ಉಂಟು. ಬ್ಯಾಟಿಗೆ ಚೆಂಡು ತಾಗಿದ ಸದ್ದು ಬೌಂಡರಿಯವರೆಗೆ ಕೇಳಿಸುತ್ತದೆ. ಕಳೆದ ಸಲ ಹೋದಾಗ ಕಣ್ಣು ಮುಚ್ಚಿಕೊಂಡು ಒಂದು ಓವರನ್ನು ಕೇಳಿನೋಡಿದೆ. ಆರು ಚೆಂಡುಗಳಲ್ಲಿ ಎರಡನ್ನು ಮಾತ್ರ ಸರಿಯಾಗಿ ಹೇಳಬಲ್ಲವನಾದೆ.