ಮಾಗಿಯ ಬಿಸಿಲಿನ ಪಾಠಶಾಲೆ



ಮಾಗಿಯ ಚಳಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬೆಳಗಿನ ಮಂಜು, ಹೊಲದ ಬದುವಿನ ಮೇಲೆ ಕಾಯಿಸಿಕೊಳ್ಳಲು ಹಾಕಿದ ಬೆಂಕಿ, ಸಂತೆಗೆ ಬಂದ ಸೊಗಡಿನ ಅವರೆಕಾಯಿ, ಕಂಬಳಿಯೊಳಗಿಂದ ಏಳಲು ಒಲ್ಲದ ಮನಸ್ಸು. ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟು. ನಮ್ಮಲ್ಲಿ ಚಳಿಗಾಲ ಅಷ್ಟು ಸೌಮ್ಯ. ಅದಕ್ಕೆ ಹೆದರಿ ತಿಂಗಳುಗಟ್ಟಲೆ ಶಾಲೆ ಮುಚ್ಚುವ ಪ್ರಮೇಯವೇ ಇಲ್ಲ.

ಆದರೆ ಚಳಿಗಾಗಿ ಶಾಲೆಗಳು ಬಾಗಿಲು ಹಾಕಿಕೊಳ್ಳುವ ನಾಡೊಂದು ನಮ್ಮ ದೇಶದಲ್ಲೇ ಇದೆ. ಅದು ಲಡಾಖ್. ಅಲ್ಲಿನ ಒಂದು ಚಿಕ್ಕ ಶಾಲೆಯ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಮೊದಲು ಭೂಪಟವನ್ನು ತೆರೆದು ನೋಡಿ. ಬೆಂಗಳೂರು ಇರುವುದು ಪೂರ್ವ ರೇಖಾಂಶ 77.6 ಡಿಗ್ರಿಯಲ್ಲಿ. ಲಡಾಖಿನ ಮುಖ್ಯ ಪಟ್ಟಣವಾದ ಲೇಹ್ ಇರುವುದೂ ಹೆಚ್ಚುಕಡಿಮೆ ಅದೇ ರೇಖೆಯ ಮೇಲೆ. ಬೆಂಗಳೂರಿನಿಂದ ನೇರ ಉತ್ತರಕ್ಕೆ ಗೆರೆ ಎಳೆಯುತ್ತ ಹೋದರೆ ಸುಮಾರು 2,350 ಕಿಲೋಮೀಟರ್ ದೂರದಲ್ಲಿ ಅದು ಲೇಹ್ ಪಟ್ಟಣವನ್ನು ಮುಟ್ಟುತ್ತದೆ. ಇದರ ಅರ್ಥವೇನು? ಎರಡೂ ಊರುಗಳಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಒಂದೇ ಗಳಿಗೆಯಲ್ಲಿ. ನಮ್ಮ ನಡುಹಗಲೇ ಅವರ ನಡುಹಗಲು. ಆದರೆ ಇಲ್ಲಿ ಸ್ವೆಟರ್ ಬಿಚ್ಚಿಡುವ ಆ ಹೊತ್ತಿನಲ್ಲಿ ಅಲ್ಲಿ ಹಳ್ಳದ ನೀರು ಕಲ್ಲಾಗಿರುತ್ತದೆ.

ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೂ ಇಳಿಯುವುದುಂಟು. ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಎರಡೂ ಸೇರಿ 100 ಮಿಲಿಮೀಟರಿನ ಆಸುಪಾಸು. ಮರಗಿಡ ಕಡಿಮೆ. ಬಹುಕಾಲದಿಂದ ಜನ ಒಣಗಿದ ಸಗಣಿಯನ್ನೂ ಸಿಕ್ಕಷ್ಟು ಪುಳ್ಳೆಯನ್ನೂ ಒಲೆಗೆ ಹಾಕಿ, ಹೊಗೆ ತುಂಬಿದ ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಕುಳಿತು ಚಳಿಗಾಲ ಕಳೆದಿದ್ದಾರೆ. ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಶಾಲೆಗಳಿಗೆ ರಜೆ.

ಇಂಥ ನಾಡಿನ ಮಕ್ಕಳು ಓದುತ್ತಿದ್ದ ಪುಸ್ತಕಗಳಾದರೂ ಎಂಥವು? ಅವುಗಳಲ್ಲಿ ಹಡಗು ಇತ್ತು, ತೆಂಗಿನ ಮರ ಇತ್ತು, ಮುಂಗಾರು ಮಳೆ ಇತ್ತು. ಯಾಕ್ ಎಂಬ ಪ್ರಾಣಿಯಾಗಲಿ, ಜರ್ದಾಳು ಹಣ್ಣಿನ ತೋಟವಾಗಲಿ, ಹಿಮ ಕರಗಿ ಬರುವ ನೀರಿನ ಕಾಲುವೆಯಾಗಲಿ ಇರಲಿಲ್ಲ. ಮನೆಯಲ್ಲಿ ಆಡುವ ಮಾತು ಲಡಾಖಿ. ಎಂಟನೆಯ ತರಗತಿಯವರೆಗೆ ಪಾಠ ಉರ್ದುವಿನಲ್ಲಿ. ಒಂಬತ್ತಕ್ಕೆ ಬಂದೊಡನೆ ಎಲ್ಲವೂ ಇಂಗ್ಲಿಷ್. ಪರಿಣಾಮವನ್ನು ಊಹಿಸಬಹುದು. 1980ರ ದಶಕದ ಕೊನೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತ ನೂರು ಮಕ್ಕಳಲ್ಲಿ ಪಾಸಾಗುತ್ತಿದ್ದವರು ಐದರ ಆಸುಪಾಸು.

ಉಳಿದ ತೊಂಬತ್ತೈದು ಮಕ್ಕಳ ಮನಸ್ಥಿತಿಯನ್ನು ನೆನೆಸಿಕೊಳ್ಳಿ. ಕುರಿ ಕಾಯಬಲ್ಲವರು, ಹಿಮದ ಮೇಲೆ ದಾರಿ ಹುಡುಕಬಲ್ಲವರು, ಕಾಲುವೆಯ ನೀರನ್ನು ಸರದಿಯಂತೆ ಗದ್ದೆಗೆ ತಿರುಗಿಸಬಲ್ಲವರು 'ದಡ್ಡರು' ಎಂಬ ಮುದ್ರೆ ಹೊತ್ತು ಮನೆಗೆ ಮರಳುತ್ತಿದ್ದರು. ನೂರರಲ್ಲಿ ಐದು ಮಕ್ಕಳು ಸೋತರೆ ಅದು ಮಕ್ಕಳ ಸೋಲು ಎನ್ನಬಹುದೇನೋ. ತೊಂಬತ್ತೈದು ಮಕ್ಕಳು ಸೋತರೆ?

ಈ ಪ್ರಶ್ನೆಯನ್ನು ಕೇಳಿದವರು ಲಡಾಖಿನ ಕೆಲವು ಕಾಲೇಜು ವಿದ್ಯಾರ್ಥಿಗಳು. ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನವರು. 1988ರಲ್ಲಿ ಅವರು ಸೇರಿ 'ಸ್ಟೂಡೆಂಟ್ಸ್ ಎಜುಕೇಷನಲ್ ಅಂಡ್ ಕಲ್ಚರಲ್ ಮೂವ್‌ಮೆಂಟ್ ಆಫ್ ಲಡಾಖ್' ಎಂಬ ಸಂಸ್ಥೆಯನ್ನು ಕಟ್ಟಿದರು. ಚಿಕ್ಕದಾಗಿ ಇದನ್ನು ಸೆಕ್‌ಮೋಲ್ ಎನ್ನುತ್ತಾರೆ. ಸ್ಥಾಪಕರಲ್ಲಿ ಒಬ್ಬರು, ಎಂಜಿನಿಯರಿಂಗ್ ಓದಿದ ಸೋನಮ್ ವಾಂಗ್ಚುಕ್. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. 1994ರಲ್ಲಿ ಸರ್ಕಾರ, ಗ್ರಾಮಸ್ಥರು ಮತ್ತು ಈ ಸಂಸ್ಥೆ ಕೂಡಿ ಸರ್ಕಾರಿ ಶಾಲೆಗಳ ಸುಧಾರಣೆಗೆ ಕೈಹಾಕಿದರು. ಶಿಕ್ಷಕರಿಗೆ ತರಬೇತಿ ಕೊಟ್ಟರು, ಊರೂರಿಗೆ ಶಿಕ್ಷಣ ಸಮಿತಿಗಳನ್ನು ಮಾಡಿದರು, ಲಡಾಖಿನ ಬದುಕನ್ನೇ ಒಳಗೊಂಡ ಪಾಠಪುಸ್ತಕಗಳನ್ನು ತಂದರು. 2015ರ ಹೊತ್ತಿಗೆ ಪಾಸಾಗುವವರ ಪ್ರಮಾಣ ನೂರಕ್ಕೆ 75ರಷ್ಟಕ್ಕೆ ಏರಿತು. ಮಕ್ಕಳ ಬುದ್ಧಿ ಈ ನಡುವೆ ಹದಿನೈದು ಪಟ್ಟು ಬೆಳೆಯಿತೇ? ಇಲ್ಲ. ಬದಲಾದದ್ದು ಪಾಠ.

ಇದೇ ಸಂಸ್ಥೆಯವರು ಲೇಹ್‌ನಿಂದ ಸ್ವಲ್ಪ ದೂರದಲ್ಲಿ, ಸಿಂಧೂ ನದಿಯ ದಡದ ಫೇ ಎಂಬ ಹಳ್ಳಿಯ ಬಳಿ ವಸತಿಶಾಲೆಯೊಂದನ್ನು ಕಟ್ಟಿದರು. ಹತ್ತನೆಯ ತರಗತಿಯಲ್ಲಿ ನಪಾಸಾದ ಮಕ್ಕಳಿಗೆ ಮೊದಲ ಮಣೆ ಹಾಕಿದ ಶಾಲೆ ಇದು. ಈ ಶಾಲೆಯ ಕಟ್ಟಡವೇ ಮಕ್ಕಳ ಮೊದಲ ಪಾಠ.

ಗೋಡೆಗಳು ಗಟ್ಟಿಸಿದ ಮಣ್ಣಿನವು, ಬಹಳ ದಪ್ಪ. ಕಟ್ಟಡದ ಮುಖ ದಕ್ಷಿಣಕ್ಕೆ. ದಕ್ಷಿಣದ ಗೋಡೆಯಲ್ಲಿ ದೊಡ್ಡ ದೊಡ್ಡ ಗಾಜಿನ ಕಿಟಕಿಗಳು. ಚಳಿಗಾಲ ಬಂದಾಗ ಮುಂಭಾಗಕ್ಕೆ ಪ್ಲಾಸ್ಟಿಕ್ ಹಾಳೆಯ ಹಸಿರುಮನೆಯನ್ನು ಕಟ್ಟುತ್ತಾರೆ. ಹಗಲಿನ ಬಿಸಿಲು ಒಳಗೆ ಬಂದು ನೆಲವನ್ನೂ ಗೋಡೆಯನ್ನೂ ಕಾಯಿಸುತ್ತದೆ. ಮಣ್ಣು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹೀಗಾಗಿ ರಾತ್ರಿಯೆಲ್ಲ ಒಳಗೆ ಬಿಸುಪು ಉಳಿಯುತ್ತದೆ. ಹೊರಗೆ ನೀರು ಹೆಪ್ಪುಗಟ್ಟಿರುವಾಗ, ಕೋಣೆಯನ್ನು ಕಾಯಿಸಲು ಒಂದು ಕಡ್ಡಿಯನ್ನೂ ಉರಿಸದೆ ಮಕ್ಕಳು ಕುಳಿತು ಓದಬಹುದು. ಹೊಗೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ಮಣ್ಣಿನ ಕಟ್ಟಡಗಳಿಗೆ ಕೊಡುವ ಅಂತರರಾಷ್ಟ್ರೀಯ ಟೆರ್ರಾ ಪ್ರಶಸ್ತಿ 2016ರಲ್ಲಿ ಈ ಕಟ್ಟಡಕ್ಕೆ ಸಂದಿತು.

ಇಲ್ಲಿ ಒಂದು ಸಂದೇಹ ಬರಬಹುದು. ಚಳಿಗಾಲದಲ್ಲಿ ಒಳಗೆ ಬರುವ ಬಿಸಿಲು ಬೇಸಿಗೆಯಲ್ಲೂ ಬಂದು ಬೇಯಿಸುವುದಿಲ್ಲವೇ? ಉತ್ತರ ಸೂರ್ಯನ ಕೋನದಲ್ಲಿದೆ. ಡಿಸೆಂಬರ್ 22ರ ಆಸುಪಾಸಿನಲ್ಲಿ ಲೇಹ್‌ನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 32 ಡಿಗ್ರಿ ಮಾತ್ರ ಮೇಲಿರುತ್ತಾನೆ. ಕಿಟಕಿಯ ಮೇಲಂಚು ನೆಲದಿಂದ 2 ಮೀಟರ್ ಎತ್ತರದಲ್ಲಿದ್ದರೆ ಬಿಸಿಲು ಕೋಣೆಯೊಳಗೆ 3 ಮೀಟರಿಗಿಂತ ಹೆಚ್ಚು ದೂರ ಚಾಚುತ್ತದೆ. ಜೂನ್ 21ರಂದು ಅದೇ ಸೂರ್ಯ ಸುಮಾರು 79 ಡಿಗ್ರಿ ಎತ್ತರಕ್ಕೆ ಏರಿರುತ್ತಾನೆ. ಆಗ ಬಿಸಿಲು ಕಿಟಕಿಯೊಳಗೆ 40 ಸೆಂಟಿಮೀಟರ್ ಕೂಡ ದಾಟುವುದಿಲ್ಲ. ಸ್ವಲ್ಪ ಸೂರು ಮುಂಚಾಚಿದ್ದರೆ ಅದೂ ಇಲ್ಲ. ತ್ರಿಕೋನಮಿತಿಯನ್ನು ಅಂಕಗಳಿಗಾಗಿ ಬಾಯಿಪಾಠ ಮಾಡುವ ನಮಗೆ, ಅದೇ ತ್ರಿಕೋನಮಿತಿ ರಾತ್ರಿ ಬೆಚ್ಚಗೆ ಮಲಗಿಸುತ್ತದೆ ಎಂಬುದು ಹೊಳೆಯುವುದೇ ಇಲ್ಲ!

ಈ ಶಾಲೆಯಲ್ಲಿ ಹಸುಗಳ ಆರೈಕೆ, ತರಕಾರಿ ತೋಟ, ಅಡುಗೆಮನೆಯ ಲೆಕ್ಕ, ಸೌರಫಲಕಗಳ ಉಸ್ತುವಾರಿ ಇವೆಲ್ಲ ಸರದಿಯ ಮೇಲೆ ಮಕ್ಕಳ ಹೊಣೆ. ಚಳಿಗಾಲದಲ್ಲಿ ಇದಕ್ಕೆ ಇನ್ನೊಂದು ಕೆಲಸ ಸೇರುತ್ತದೆ: ಆಟದ ಅಂಗಳವನ್ನು ತಯಾರಿಸುವುದು.

ಲಡಾಖಿನ ಚಳಿಗಾಲದ ಪ್ರಿಯವಾದ ಆಟ ಐಸ್ ಹಾಕಿ. ಅದಕ್ಕೆ ಬೇಕಾದ ಮಂಜುಗಡ್ಡೆಯ ಅಂಗಳವನ್ನು ಯಂತ್ರಗಳಿಲ್ಲದೆ ಚಳಿಯಿಂದಲೇ ಮಾಡಿಸಬಹುದು. ಸಮತಟ್ಟಾದ ನೆಲಕ್ಕೆ ಸಂಜೆಯ ಮೇಲೆ ನೀರು ಹಾಯಿಸುತ್ತಾರೆ. ಒಂದೇ ಸಲಕ್ಕೆ ಮೊಳದುದ್ದ ನೀರು ನಿಲ್ಲಿಸಿದರೆ ಕೆಲಸ ಕೆಡುತ್ತದೆ. ಏಕೆ? ನೀರು ಹೆಪ್ಪುಗಟ್ಟುವುದು ಮೇಲಿನಿಂದ. ಮೇಲೆ ಕಟ್ಟಿದ ಗಡ್ಡೆ ಕಂಬಳಿಯಂತೆ ಕೆಳಗಿನ ನೀರನ್ನು ಚಳಿಯಿಂದ ಕಾಪಾಡಿಬಿಡುತ್ತದೆ. ಕೆರೆಯ ಮೀನು ಬದುಕುವುದು ಇದರಿಂದಲೇ. ಆಟಗಾರ ಮುಳುಗುವುದೂ ಇದರಿಂದಲೇ. ಆದ್ದರಿಂದ ತೆಳುವಾಗಿ ನೀರು ಹರಡಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಹೀಗೆ ಹಲವು ರಾತ್ರಿಗಳ ತಾಳ್ಮೆಯಿಂದ ಅಂಗಳ ಸಿದ್ಧವಾಗುತ್ತದೆ.

ಆ ಅಂಗಳದ ಮೇಲೆ ಮಕ್ಕಳು ಜಾರುವಾಗ ಮತ್ತೊಂದು ಪ್ರಶ್ನೆ. ಗಾಜಿನ ಮೇಲೆ ಹಾಗೆ ಜಾರಲಾಗದು, ಮಂಜುಗಡ್ಡೆಯ ಮೇಲೇಕೆ ಜಾರುತ್ತೇವೆ? ಸ್ಕೇಟಿನ ಅಲಗಿನ ಒತ್ತಡಕ್ಕೆ ಗಡ್ಡೆ ಕರಗಿ ನೀರಾಗುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಆದರೆ ಒತ್ತಡದಿಂದ ಕರಗುವ ಬಿಂದು ಇಳಿಯುವುದು ಅತ್ಯಲ್ಪ. ಲಡಾಖಿನ ಚಳಿಗೆ ಆ ವಿವರಣೆ ಸಾಲದು. ಗಡ್ಡೆಯ ಹೊರಮೈಯಲ್ಲಿರುವ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಕೂಡಿಕೊಂಡಿರುವುದಿಲ್ಲ. ಆ ಸಡಿಲವಾದ ತೆಳು ಪದರ ಮತ್ತು ಅಲಗು ಉಜ್ಜಿದಾಗ ಹುಟ್ಟುವ ಶಾಖ ಎರಡೂ ಸೇರಿ ಜಾರಿಕೆಯನ್ನು ಉಂಟುಮಾಡುತ್ತವೆ ಎಂಬುದು ಇಂದಿನ ತಿಳಿವಳಿಕೆ.

ಹುಡುಗರ ಜೊತೆಗೆ ಹುಡುಗಿಯರೂ ಈ ಆಟಕ್ಕೆ ಇಳಿದರು. ಲಡಾಖಿನ ಹೆಣ್ಣುಮಕ್ಕಳ ಹಾಕಿ ಬೆಳೆಯಲು ನೆರವಾದ ತಾಣಗಳಲ್ಲಿ ಈ ಶಾಲೆಯೂ ಒಂದು. ಭಾರತದ ಮಹಿಳಾ ಐಸ್ ಹಾಕಿ ತಂಡ 2016ರಲ್ಲಿ ಮೊದಲ ಬಾರಿಗೆ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿತು. 2017ರಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಮೊದಲ ಗೆಲುವು ಕಂಡಿತು. 2025ರಲ್ಲಿ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕ ಪಡೆಯಿತು. ಆ ತಂಡದಲ್ಲಿ ಹೆಚ್ಚಿನವರು ಲಡಾಖಿನವರೇ. ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಇರುವ ಗಡ್ಡೆಯ ಮೇಲೆ ಅಭ್ಯಾಸ ಮಾಡಿದವರು ಅವರು.

ಮಂಜುಗಡ್ಡೆಯ ಜೊತೆಗಿನ ಈ ಒಡನಾಟ ಆಟಕ್ಕೇ ನಿಲ್ಲಲಿಲ್ಲ. ಲಡಾಖಿನ ರೈತನಿಗೆ ನೀರು ಬೇಕಾಗುವುದು ಬಿತ್ತನೆಯ ಕಾಲವಾದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಎತ್ತರದ ಹಿಮನದಿಗಳು ಕರಗಿ ನೀರು ಸಮೃದ್ಧವಾಗಿ ಬರುವುದು ಜೂನ್ ಕಳೆದ ಮೇಲೆ. ಚಳಿಗಾಲದಲ್ಲಿ ಹಳ್ಳದ ನೀರು ಸುಮ್ಮನೆ ಹರಿದುಹೋಗುತ್ತದೆ. ಈ ನೀರನ್ನು ಗಡ್ಡೆಯಾಗಿ ಕೂಡಿಡುವ ಕೃತಕ ಹಿಮನದಿಗಳನ್ನು 1980ರ ದಶಕದಿಂದಲೇ ಮಾಡಿ ತೋರಿಸಿದವರು ಲಡಾಖಿನ ಎಂಜಿನಿಯರ್ ಚೆವಾಂಗ್ ನಾರ್ಫೆಲ್. ಆದರೆ ಚಪ್ಪಟೆಯಾಗಿ ಹರಡಿದ ಗಡ್ಡೆಗೆ ಎತ್ತರದ, ನೆರಳಿನ ಜಾಗವೇ ಬೇಕು. ಮೇ ತಿಂಗಳಿನಲ್ಲಿ ಸೇತುವೆಯೊಂದರ ಕೆಳಗೆ ನೆರಳಿನಲ್ಲಿ ಕರಗದೆ ಉಳಿದಿದ್ದ ಗಡ್ಡೆಯನ್ನು ಕಂಡ ವಾಂಗ್ಚುಕ್ ಅವರಿಗೆ, ಹಳ್ಳಿಯ ಬಳಿಯಲ್ಲೇ ಹೀಗೆ ಉಳಿಸುವ ಬಗೆ ಇದೆಯೇ ಎಂಬ ಯೋಚನೆ ಹುಟ್ಟಿತು.

2013-14ರ ಚಳಿಗಾಲದಲ್ಲಿ ಅವರು ಈ ಶಾಲೆಯ ವಿದ್ಯಾರ್ಥಿಗಳೊಡನೆ ಪ್ರಯೋಗಕ್ಕಿಳಿದರು. ಎತ್ತರದ ಹಳ್ಳದಿಂದ ಕೊಳವೆಯಲ್ಲಿ ನೀರು ತಂದರೆ ಪಂಪಿನ ಹಂಗಿಲ್ಲದೆ ಅದು ಕಾರಂಜಿಯಂತೆ ಮೇಲೇಳುತ್ತದೆ. ಕೊರೆಯುವ ರಾತ್ರಿಯಲ್ಲಿ ಹನಿಗಳು ಬೀಳುಬೀಳುತ್ತಲೇ ಹೆಪ್ಪುಗಟ್ಟಿ ಶಂಕುವಿನ ಆಕಾರ ತಾಳುತ್ತವೆ. ಸುಮಾರು 1,50,000 ಲೀಟರ್ ನೀರಿನಿಂದ 6 ಮೀಟರ್ ಎತ್ತರದ ಹಿಮಸ್ತೂಪ ಎದ್ದಿತು. ಅದು ಬಯಲ ಬಿಸಿಲಿನಲ್ಲಿ ನಿಂತು ಮೇ ತಿಂಗಳವರೆಗೂ ಉಳಿಯಿತು.

ಏಕೆ ಶಂಕು? ಇಷ್ಟೇ ನೀರನ್ನು 10 ಸೆಂಟಿಮೀಟರ್ ದಪ್ಪಕ್ಕೆ ನೆಲದ ಮೇಲೆ ಹರಡಿ ಗಡ್ಡೆ ಕಟ್ಟಿಸಿದರೆ ಸುಮಾರು 1,500 ಚದರ ಮೀಟರ್ ಮೈ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. 6 ಮೀಟರ್ ಎತ್ತರದ ಶಂಕುವಿನ ಮೈ ಇದರ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಶಂಕುವಿನ ಘನಫಲ, ಪಾರ್ಶ್ವ ಮೇಲ್ಮೈ ಇವೆರಡೂ ನಿಮ್ಮ ಹತ್ತನೆಯ ತರಗತಿಯ ಗಣಿತದಲ್ಲೇ ಇವೆ. ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಿ ನೋಡಬಹುದು.

ಮಿತ್ರರೆ, ಲಡಾಖಿನ ಚಳಿಯನ್ನು ನಾನು ಹೊಗಳುತ್ತಿಲ್ಲ. ಆ ಚಳಿ ಕ್ರೂರವಾದದ್ದು. ಬೆಚ್ಚನೆಯ ಉಡುಪು, ಬೆಚ್ಚನೆಯ ಕೋಣೆ, ಹೊಟ್ಟೆಗೆ ಬಿಸಿ ಊಟ ಇವಿಲ್ಲದ ಮಗುವನ್ನು ಹೊರಗೆ ಆಡು ಎಂದು ಕಳಿಸುವುದು ಶಿಕ್ಷಣವಲ್ಲ, ಶಿಕ್ಷೆ. ಈ ಶಾಲೆ ಮೊದಲು ಮಕ್ಕಳನ್ನು ಬೆಚ್ಚಗೆ ಇರಿಸಿತು. ಅನಂತರ ಚಳಿಯ ಕಡೆಗೆ ಬಾಗಿಲು ತೆರೆಯಿತು. ಆಗ ಓದಿಗೆ ಅಡ್ಡಿ ಎನಿಸಿದ್ದ ಋತುವಿನಲ್ಲೇ ಭೌತಶಾಸ್ತ್ರ, ಗಣಿತ, ವ್ಯವಸಾಯ, ಆಟ ಎಲ್ಲವೂ ದೊರೆತವು.

ನಮ್ಮಲ್ಲಿ ಹೆಪ್ಪುಗಟ್ಟುವ ಹಳ್ಳಗಳಿಲ್ಲ. ಆದರೆ ಅದೇ ಸೂರ್ಯ ಇದ್ದಾನೆ. ಡಿಸೆಂಬರ್ 22ರ ಆಸುಪಾಸಿನ ಒಂದು ದಿನ ನಿಮ್ಮ ಶಾಲೆಯ ಅಂಗಳದಲ್ಲಿ 1 ಮೀಟರ್ ಎತ್ತರದ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ. ಹನ್ನೆರಡು ಗಂಟೆಯಿಂದ ಮುಕ್ಕಾಲು ಗಂಟೆಯ ಕಾಲ, ಐದೈದು ನಿಮಿಷಕ್ಕೆ ನೆರಳಿನ ತುದಿಯನ್ನು ಗುರುತು ಮಾಡಿ. ಅತಿ ಚಿಕ್ಕ ನೆರಳು ಬಿದ್ದ ಗಳಿಗೆಯೇ ನಿಮ್ಮ ಊರಿನ ನಿಜವಾದ ನಡುಹಗಲು; ಆ ನೆರಳು ತೋರುವ ದಿಕ್ಕೇ ಉತ್ತರ. ಬೆಂಗಳೂರಿನಲ್ಲಿ ಅದು 12 ಗಂಟೆ 18 ನಿಮಿಷದ ಸುಮಾರಿಗೆ ಬರುತ್ತದೆ, ನೆರಳು ಸುಮಾರು 74 ಸೆಂಟಿಮೀಟರ್ ಇರುತ್ತದೆ. ಮಂಗಳೂರಿನಲ್ಲಿ ಸುಮಾರು ಹನ್ನೊಂದು ನಿಮಿಷ ತಡ. ಬೀದರಿನಲ್ಲಿ ನೆರಳು ಸುಮಾರು 88 ಸೆಂಟಿಮೀಟರ್. ನಿಮ್ಮ ಊರಿನಲ್ಲಿ ಎಷ್ಟು? ಅದನ್ನು ಯಾವ ಗೈಡೂ ಹೇಳುವುದಿಲ್ಲ. ನೀವೇ ಅಳೆಯಬೇಕು.

ಬೆಂಗಳೂರಿನ ಅಂಗಳದಲ್ಲಿ ನೆರಳು ಅತಿ ಚಿಕ್ಕದಾಗುವ ಆ ಗಳಿಗೆಯಲ್ಲೇ, ನೇರ ಉತ್ತರಕ್ಕೆ, ಲೇಹ್‌ನ ಹಿಮದ ಮೇಲೆ ಅಷ್ಟೇ ಎತ್ತರದ ಕೋಲು ಸುಮಾರು 158 ಸೆಂಟಿಮೀಟರ್ ಉದ್ದದ ನೆರಳನ್ನು ಚೆಲ್ಲಿರುತ್ತದೆ. ಈ ಎರಡು ನೆರಳುಗಳ ವ್ಯತ್ಯಾಸದಿಂದ ಗುಂಡಗಿರುವ ಭೂಮಿಯ ಸುತ್ತಳತೆಯನ್ನು ನೀವೇ ಲೆಕ್ಕ ಹಾಕಿ ಕಂಡುಕೊಳ್ಳಬಹುದು. ಈ ಡಿಸೆಂಬರಿನಲ್ಲಿ ಒಂದು ಕೋಲು, ಒಂದು ಅಳತೆಪಟ್ಟಿ, ಇಬ್ಬರು ಗೆಳೆಯರು ಇಷ್ಟು ಸಾಕು. ಹೊರಗೆ ಬನ್ನಿ.