ನಿಲ್ಲು ಎನ್ನುವ ಕರುಣೆ

(ಕೊಳಕೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ತಪ್ಪು ಮಾಡಿದವರ ಮೇಲೆ ಬುದ್ಧ ತೋರಿಸಿದ ಕರುಣೆ ಬಗ್ಗೆ ಮಾತಾಡು ಅಂತ ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ಖರೇ ಹೇಳಬೇಕಂದ್ರ, ಈ ಮಾತು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಕರುಣೆಯ ಪಾಠ ಯಾವಾಗಲೂ ನಮಗೇ ಯಾಕೆ? ಹೊಡೆದವನಿಗೆ ಯಾರೂ ಏನೂ ಹೇಳುವುದಿಲ್ಲ. ಹೊಡೆಸಿಕೊಂಡವನ ಹೆಗಲ ಮೇಲೆ ಕೈಯಿಟ್ಟು ‘ಆದದ್ದು ಆಗಿ ಹೋತು, ಇನ್ನ ಬಿಡಪಾ, ಊರಾಗ ಕೂಡಿ ಬಾಳೂದೈತಿ’ ಅನ್ನುತ್ತಾರೆ. ಕೇರಿಗೆ ಬೆಂಕಿ ಬಿದ್ದ ಮರುದಿನವೇ ಶಾಂತಿಸಭೆಗೆ ಚಾಪೆ ಹಾಸುತ್ತಾರೆ. ಅದು ಕರುಣೆಯಲ್ಲ, ಕೇಸು ವಾಪಸು ತಗೊಳ್ಳಿ ಅನ್ನುವುದರ ಇನ್ನೊಂದು ಹೆಸರು. ಆ ಕರುಣೆಯ ಬಗ್ಗೆ ನಾನು ಇಂದು ಮಾತಾಡುವವನಲ್ಲ.

ಬುದ್ಧನ ಕರುಣೆ ಬೇರೆ. ಅದನ್ನು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ತಿಳಿದದ್ದು ಪುಸ್ತಕದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಹಾಸ್ಟೆಲಿನಲ್ಲಿದ್ದು ಓದುವಾಗ ಒಬ್ಬನ ಟ್ರಂಕಿನಿಂದ ರೊಕ್ಕ ಕಳುವಾಯಿತು. ಪರೀಕ್ಷೆ ಫೀಸಿಗೆ ಅಂತ ಅವನವ್ವ ಕೂಲಿ ಮಾಡಿ ಕೂಡಿಸಿ ಕೊಟ್ಟ ರೊಕ್ಕ. ಕದ್ದವನು ಸಿಕ್ಕಿಬಿದ್ದ. ನಮ್ಮವನೇ, ನಮ್ಮಂಥದೇ ಕೇರಿಯಿಂದ ಬಂದವನು. ನಾವೇನು ಮಾಡಿದೆವು ಗೊತ್ತೇನು? ಅವನ ಅಂಗಿ ಬಿಚ್ಚಿಸಿದೆವು. ಅಂಗಳದ ಕಂಬಕ್ಕೆ ಕಟ್ಟಿದೆವು. ಒಬ್ಬರಾದ ಮೇಲೊಬ್ಬರು ಹೊಡೆದೆವು. ನಾನೂ ಹೊಡೆದೆ. ಅವನು ‘ಅಣ್ಣಾ, ಬ್ಯಾಡೋ ಅಣ್ಣಾ’ ಅಂತಿದ್ದ. ಯಾಕೆ ಕದ್ದೆ ಅಂತ ಒಬ್ಬರೂ ಕೇಳಲಿಲ್ಲ. ಮರುದಿನ ನಸುಕಿನಲ್ಲಿ ಅವನು ಹಾಸ್ಟೆಲ್ ಬಿಟ್ಟು ಹೋದ. ಅವನ ಅಪ್ಪ ಹಾಸಿಗೆ ಹಿಡಿದಿದ್ದ, ಔಷಧಕ್ಕೆ ರೊಕ್ಕ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಅವನು ಕಟ್ಟಡದ ಕೆಲಸಕ್ಕೆ ಪುಣೆ ಕಡೆ ಹೋದನಂತೆ. ಮತ್ತೆ ಪುಸ್ತಕ ಹಿಡಿಯಲಿಲ್ಲ.

ಅವನು ಮಾಡಿದ್ದು ತಪ್ಪು ಅಲ್ಲ ಅಂತ ನಾನು ಹೇಳುವುದಿಲ್ಲ. ರೊಕ್ಕ ಕಳಕೊಂಡವನೂ ಬಡವನೇ, ಅವನ ನೋವೂ ನೋವೇ. ಆದರೆ ಆ ರಾತ್ರಿ ನನ್ನನ್ನು ಹೆದರಿಸಿದ್ದು ಬೇರೆಯೇ ಮಾತು. ಕಂಬ, ಹಗ್ಗ, ಬಿಚ್ಚಿದ ಅಂಗಿ, ಸುತ್ತ ನಿಂತು ನಗುವ ಮಂದಿ. ಇದನ್ನೆಲ್ಲ ನಾವು ಎಲ್ಲಿ ಕಲಿತೆವು? ನಮ್ಮ ಅಪ್ಪ, ಕಾಕಾ, ಅಜ್ಜಂದಿರ ಮೇಲೆ ಊರು ಮಾಡಿದ್ದನ್ನು ನೋಡಿ ಕಲಿತೆವು. ಊರಗೌಡನ ಚಾವಡಿಯನ್ನು ನಾವು ಹಾಸ್ಟೆಲಿನ ಅಂಗಳಕ್ಕೆ ಹೊತ್ತು ತಂದಿದ್ದೆವು. ಆ ದಿನ ಕಂಬಕ್ಕೆ ಕಟ್ಟಿಸಿಕೊಂಡವನೂ ದಲಿತ, ಕಟ್ಟಿದ ಕೈಯೂ ದಲಿತನದು.

ಈಗ ಅಂಗುಲಿಮಾಲನ ಕತೆಗೆ ಬರೋಣ. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಪತಿತರ ಮತ್ತು ಅಪರಾಧಿಗಳ ದೀಕ್ಷೆಯ ಬಗ್ಗೆ ಬರೆದು, ಈ ಕತೆಗೂ ಜಾಗ ಕೊಟ್ಟಿದ್ದಾರೆ. ಅವರು ತೀರಿಕೊಂಡ ಮೇಲೆ 1957ರಲ್ಲಿ ಅಚ್ಚಾದ ಗ್ರಂಥ ಅದು. ಜೀವಮಾನವಿಡೀ ಅನ್ಯಾಯದ ಲೆಕ್ಕ ಇಟ್ಟ ಮನುಷ್ಯ ಒಬ್ಬ ಕೊಲೆಗಡುಕನ ಕತೆಯನ್ನು ಯಾಕೆ ಬಿಡಲಿಲ್ಲ ಅಂತ ನೀವು ವಿಚಾರ ಮಾಡಬೇಕು.

ಅಂಗುಲಿಮಾಲ ಕೋಸಲ ರಾಜ್ಯದವನು. ಕೊಂದವರ ಬೆರಳು ಪೋಣಿಸಿ ಕೊರಳಿಗೆ ಹಾಕಿಕೊಂಡವನು. ಪಾಲಿಯ ಅಟ್ಠಕಥೆಗಳು ಅವನ ಹಿಂದಿನ ಕತೆಯನ್ನೂ ಹೇಳುತ್ತವೆ. ಅವನು ತಕ್ಷಶಿಲೆಯಲ್ಲಿ ಓದುತ್ತಿದ್ದ ಜಾಣ ಹುಡುಗ. ಸಂಗಡಿಗರು ಹೊಟ್ಟೆಕಿಚ್ಚಿನಿಂದ ಚಾಡಿ ಹೇಳಿದರು. ಗುರು ಅದನ್ನು ನಂಬಿ, ದಕ್ಷಿಣೆಯಾಗಿ ಸಾವಿರ ಮನುಷ್ಯರ ಬೆರಳು ತಾ ಅಂದ. ನಮಗೆ ಏಕಲವ್ಯ ಗೊತ್ತು. ಅಲ್ಲಿಯೂ ಗುರು ಕೇಳಿದ್ದು ಬೆರಳನ್ನೇ. ಏಕಲವ್ಯ ತನ್ನ ಬೆರಳು ಕೊಟ್ಟ, ಅಂಗುಲಿಮಾಲ ಮಂದಿಯ ಬೆರಳು ತಂದ. ಇಬ್ಬರನ್ನೂ ಕೆಡಿಸಿದ್ದು ಪ್ರಶ್ನೆ ಕೇಳಬಾರದೆನ್ನುವ ಗುರುಭಕ್ತಿ.

ಹಂಗಂತ ಅವನ ಕೈಗೆ ಹತ್ತಿದ ನೆತ್ತರು ತೊಳೆದು ಹೋಯಿತೇ? ಇಲ್ಲ. ಬುದ್ಧ ಏನು ಮಾಡಿದ ನೋಡಿ. ಆ ದಾರಿ ಹಿಡಿಯಬೇಡ ಅಂತ ದನ ಕಾಯುವವರು, ಹೊಲದವರು ಹೇಳಿದರೂ ಒಬ್ಬನೇ ನಡೆದು ಹೋದ. ಅಂಗುಲಿಮಾಲ ಹಿಂದೆ ಓಡಿ ಬಂದ. ಎಷ್ಟು ಓಡಿದರೂ ಮುಟ್ಟಲಾಗದೆ, ನಿಲ್ಲು ಅಂತ ಕೂಗಿದ. ನಾನು ಎಂದೋ ನಿಂತಿದ್ದೇನೆ, ನಿಲ್ಲಬೇಕಾದವನು ನೀನು ಎಂಬ ಅರ್ಥದ ಮಾತನ್ನು ಬುದ್ಧ ಹೇಳಿದ. ಜೀವ ತೆಗೆಯುವುದನ್ನು ನಿಲ್ಲಿಸು ಅಂತ.

ಗೆಳೆಯರೇ, ಇಲ್ಲಿ ಮೂರು ಮಾತು ಗಮನಿಸಿ.

ಒಂದು. ಬುದ್ಧ ಮೊದಲು ಹೋದದ್ದು ಕೊಂದವನ ಹತ್ತಿರ. ಸತ್ತವರ ಮನೆಗೆ ಹೋಗಿ ಕ್ಷಮಿಸಿಬಿಡಿ ಅನ್ನಲಿಲ್ಲ. ಬದಲಾಗುವ ಹೊರೆಯನ್ನು ತಪ್ಪು ಮಾಡಿದವನ ತಲೆಯ ಮೇಲೆಯೇ ಇಟ್ಟ.

ಎರಡು. ಅವನು ಹೇಳಿದ್ದು ‘ನಿಲ್ಲು’ ಅಂತ. ಪಾಪ ಎಂದು ಮರುಗಿ ಸುಮ್ಮನೆ ಕೂಡಲಿಲ್ಲ. ಕೆಡುಕನ್ನು ತಡೆಯುವುದೇ ಕೆಡುಕನಿಗೆ ಮಾಡುವ ಮೊದಲ ಉಪಕಾರ. ಅವನನ್ನು ಇನ್ನೊಂದು ಕೊಲೆಯಿಂದ ಉಳಿಸಿದರೆ ಇಬ್ಬರು ಉಳಿದಂತೆ.

ಮೂರು. ಅಂಗುಲಿಮಾಲ ಭಿಕ್ಷು ಆದ ಮೇಲೆಯೂ ಊರ ಮಂದಿಯ ಕಲ್ಲು, ಬಡಿಗೆ ಅವನ ಮೈಗೆ ಬಿದ್ದವು. ತಲೆ ಒಡೆದು, ಪಾತ್ರೆ ಚೂರಾಗಿ, ಚೀವರ ಹರಿದು ಬಂದ. ಬುದ್ಧ ಮಂದಿಯನ್ನು ಬಯ್ಯಲಿಲ್ಲ. ಇದು ನೀನು ಮಾಡಿದ್ದರ ಫಲ, ತಾಳಿಕೋ ಎಂಬರ್ಥದಲ್ಲಿ ಅವನಿಗೇ ಹೇಳಿದ. ಅಂದ್ರ, ಕರುಣೆ ಸಿಕ್ಕಿತು ಅಂತ ಲೆಕ್ಕ ಚುಕ್ತಾ ಆಗುವುದಿಲ್ಲ.

ಇದು ದೂರದ ಕೋಸಲದ ಮಾತಾಯಿತು. ನಮ್ಮ ನೆಲದ್ದು ಕೇಳಿ. ನಮ್ಮ ಜೇವರ್ಗಿ ಸೀಮೆಯ ಅಂಚಿನಲ್ಲಿ ಹರಿಯುವ ಇದೇ ಭೀಮಾ ನದಿ ಮುಂದೆ ಚಿತ್ತಾಪುರ ತಾಲೂಕಿನ ಸನ್ನತಿಯನ್ನು ಮುಟ್ಟುತ್ತದೆ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು. ‘ರಾಯ ಅಸೋಕೋ’ ಅಂತ ಹೆಸರು ಕೊರೆದ ಅರಸನ ಶಿಲ್ಪವೂ ಸಿಕ್ಕಿತು.

ಈ ಅಶೋಕ ಯಾರು? ಅವನೂ ಒಬ್ಬ ಅಂಗುಲಿಮಾಲನೇ, ಆದರೆ ಸೈನ್ಯ ಇದ್ದವನು. ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, 1.5 ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಅದರ ಎಷ್ಟೋ ಪಟ್ಟು ಜನ ಆಮೇಲೆ ಅಳಿದರು ಅಂತ 13ನೇ ಶಾಸನದಲ್ಲಿ ಅವನೇ ಕೊರೆಸಿದ್ದಾನೆ. ತನ್ನ ತಪ್ಪಿನ ಲೆಕ್ಕವನ್ನು ತಾನೇ ಕಲ್ಲಿನ ಮೇಲೆ ಬರೆಸಿದ ಅರಸ ಅವನು. ಸನ್ನತಿಯ ಕಲ್ಲಿನಲ್ಲಿ ಆ 13ನೆಯದು ಇಲ್ಲ. 12ನೆಯದಾದ ಮೇಲೆ 14 ಬರುತ್ತದೆ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳಿವೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಇರುವಂಥವೇ.

ಆ ಪ್ರತ್ಯೇಕ ಶಾಸನದಲ್ಲಿರುವುದು ನ್ಯಾಯ ಕೊಡುವ ಅಧಿಕಾರಿಗಳಿಗೆ ಮಾಡಿದ ಅಪ್ಪಣೆ. ಎಲ್ಲ ಮನುಷ್ಯರೂ ತನ್ನ ಮಕ್ಕಳಂತೆ ಅನ್ನುತ್ತಾನೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ ಅನ್ನುತ್ತಾನೆ. ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಆಲಸ್ಯ, ದಣಿವು ಇವು ಇದ್ದಲ್ಲಿ ನ್ಯಾಯ ಇರುವುದಿಲ್ಲ ಅಂತ ತಿಳಿಸುತ್ತಾನೆ. ಇದು ನಡೆಯುತ್ತಿದೆಯೋ ಇಲ್ಲವೋ ನೋಡಲು 5 ವರ್ಷಕ್ಕೊಮ್ಮೆ ಅಧಿಕಾರಿಯನ್ನು ಕಳಿಸುತ್ತೇನೆ ಅಂತಲೂ ಹೇಳುತ್ತಾನೆ. ಕರುಣೆ ಅವನಿಗೆ ಬರೀ ಕಣ್ಣೀರಾಗಿರಲಿಲ್ಲ, ಕಚೇರಿಯ ಕೆಲಸವಾಗಿತ್ತು.

ಅಶೋಕನನ್ನು ನಾನು ಪೂಜೆ ಮಾಡುವುದಿಲ್ಲ. ಪಶ್ಚಾತ್ತಾಪದ ಅದೇ 13ನೇ ಶಾಸನದಲ್ಲಿ ಕಾಡಿನ ಜನಕ್ಕೆ ಅವನ ಬೆದರಿಕೆಯೂ ಇದೆ, ನನ್ನ ಬಲ ಇನ್ನೂ ಇದೆ ಅಂತ. ಮರಣದಂಡನೆಯನ್ನೂ ಅವನು ತೆಗೆಯಲಿಲ್ಲ, ಮೂರು ದಿನ ಗಡುವು ಕೊಟ್ಟ ಅಷ್ಟೇ. ಅರಸನ ಕರುಣೆಗೆ ಅರಸನ ಮಿತಿ ಇರುತ್ತದೆ. ಆದರೂ 2,200 ವರ್ಷಕ್ಕೂ ಹಿಂದೆ ನಮ್ಮ ಭೀಮಾ ದಂಡೆಯಲ್ಲಿ, ಆರೋಪಿಯೂ ಮನುಷ್ಯ ಅನ್ನುವ ಮಾತು ಕಲ್ಲೇರಿತ್ತು. ಅದರ ಮೇಲೆ ಬೇರೆ ದೇವರು ಕೂತದ್ದು ಆಮೇಲಿನ ಕತೆ.

ಈಗ ಕಠಿಣವಾದ ಪ್ರಶ್ನೆ. ನೀವು ಮನಸ್ಸಿನಲ್ಲೇ ಕೇಳುತ್ತಿದ್ದೀರಿ: ಅಣ್ಣಾ, ನಮ್ಮನ್ನ ಸುಟ್ಟವರಿಗೂ ಕರುಣೆ ತೋರಸಬೇಕೇನು?

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿ ನಿಂತರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ 2014ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುಪಾಲು ಜನರಿಗೆ ಜಾಮೀನು ಕೊಟ್ಟಿತು. ಗವಿಮಠ, ಪಾಲ್ಕಿಗುಂಡುಗಳ ಬಂಡೆಯ ಮೇಲೆ ಅಶೋಕನ ಶಾಸನ ಇರುವುದೂ ಇದೇ ಕೊಪ್ಪಳದಲ್ಲಿ.

ಕಂಬಾಲಪಲ್ಲಿಯಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಅದು ಕರುಣೆಯೇ? ಅಲ್ಲ. ಅಲ್ಲಿ ‘ನಿಲ್ಲು’ ಅನ್ನುವವರೇ ಇರಲಿಲ್ಲ. ಮರಕುಂಬಿಯಲ್ಲಿ ಕೋರ್ಟು ಒಮ್ಮೆಯಾದರೂ ‘ನಿಲ್ಲು’ ಅಂದಿತು. 98 ಜನರ ಹೆಸರು ಓದಿದ ದಿನ 98 ಮನೆಗಳಲ್ಲಿ ಅವ್ವಂದಿರು ಅತ್ತಿರಬೇಕು. ಆ ಅಳುವನ್ನು ಕೇಳಿ ನಾನು ಹಲಗೆ ಬಾರಿಸಿ ಕುಣಿಯಲಾರೆ. ಕೇಸು ಕೈಬಿಡಿ ಅಂತಲೂ ಹೇಳಲಾರೆ. ಈ ಎರಡರ ನಡುವೆ ನಿಂತುಕೊಳ್ಳುವ ಗಟ್ಟಿತನಕ್ಕೇ ನಾನು ಕರುಣೆ ಅನ್ನುವುದು. ಹೊಡೆಯುವವನ ಮಗ ತೊಟ್ಟಿಲಲ್ಲಿದ್ದಾಗ ಯಾವ ಜಾತಿಯನ್ನೂ ದ್ವೇಷಿಸುತ್ತಿರಲಿಲ್ಲ. ಅವನಿಗೆ ಕಲಿಸಿದರು. ಕಲಿಸಿದ್ದನ್ನು ಬಿಡಿಸಲೂ ಬರುತ್ತದೆ. ಇದನ್ನು ನಂಬದಿದ್ದರೆ ಜಾತಿ ಹುಟ್ಟಿನಿಂದಲೇ ಬರುತ್ತದೆ ಅಂದವರ ಮಾತನ್ನೇ ನಾವೂ ಒಪ್ಪಿದಂತಾಗುತ್ತದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಜನರಿಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳಿಗೂ ಕರುಣೆ ತೋರುವ ಪ್ರತಿಜ್ಞೆಯೂ ಇದೆ. ಅಸ್ಪೃಶ್ಯತೆಯನ್ನು ತೊಡೆದು ಹಾಕಿದ 17ನೇ ವಿಧಿಯಿರುವ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದವರೂ ಅವರೇ. ಒಂದು ಕೈಯಲ್ಲಿ ಕಾನೂನು, ಇನ್ನೊಂದು ಕೈಯಲ್ಲಿ ಧಮ್ಮ. ಕಾನೂನು ಕೆಡುಕನ ಕೈ ಹಿಡಿಯುತ್ತದೆ. ಕೈ ಹಿಡಿದ ಮೇಲೆ ನಾವೂ ಅವನಂತೆ ಆಗದ ಹಾಗೆ ಧಮ್ಮ ಕಾಯುತ್ತದೆ.

ದೊಡ್ಡ ಮಾತು ಸಾಕು. ನಾಳೆಯಿಂದ ಮಾಡಬಹುದಾದ ಕೆಲಸ ಹೇಳುತ್ತೇನೆ. ಹಾಸ್ಟೆಲಿನಲ್ಲಿ ಕಳ್ಳ ಸಿಕ್ಕರೆ ಕೈ ಎತ್ತಬೇಡಿ. ಕೂಡಿಸಿ ನೀರು ಕೊಡಿ, ಯಾಕೆ ಅಂತ ಕೇಳಿ. ರೊಕ್ಕ ಕಳಕೊಂಡವನಿಗೆ ಎಲ್ಲರೂ ಪಟ್ಟಿ ಹಾಕಿ ಫೀಸು ಕಟ್ಟಿ. ಕದ್ದವನು ದುಡಿದು ತೀರಿಸಲಿ, ಆದರೆ ಓದು ಬಿಡದಿರಲಿ. ಊರಲ್ಲಿ ನಮ್ಮವರ ಮೇಲೆ ಕೈ ಬಿದ್ದರೆ ದೂರು ಬರೆಯಿರಿ, ಸಾಕ್ಷಿಯ ಜೊತೆ ಕೋರ್ಟಿನ ತನಕ ಹೋಗಿ, ಅವನು ಹೆದರಿದರೆ ಅವನ ಮನೆಯಲ್ಲಿ ರಾತ್ರಿ ಮಲಗಿ. ಅಪರಾಧಿಯ ಮಕ್ಕಳು ನಿಮ್ಮ ಜೊತೆ ಶಾಲೆಗೆ ಬಂದರೆ ಅವರ ಮೇಲೆ ಸೇಡು ತೀರಿಸಬೇಡಿ.

ಕಂಬಕ್ಕೆ ಕಟ್ಟಿದ ಆ ಹುಡುಗನನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಸಿಕ್ಕರೆ ಕ್ಷಮಿಸು ಅಂತ ಕೇಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ‘ತಮ್ಮಾ, ನಾನು ನಿಂತೀನಿ’ ಅಂತಷ್ಟೇ ಹೇಳಬೇಕು ಅಂತಿದ್ದೇನೆ.

ಜೈಭೀಮ್.