ಗುಂಡಿ ಒತ್ತಿದೆವು, ಕಿಟಕಿ ಮಿಸುಕಲಿಲ್ಲ



ಪಾಳಿ ಮುಗಿಸಿ ಕಂಪ್ಯೂಟರ್ ಮುಂದೆ ಕುಳಿತು, ಪೈಥಾನ್ ಭಾಷೆಯ ಟಿಕಿಂಟರ್‌ನಲ್ಲಿ ನಾವು ಒಂದು ಕಿಟಕಿ ಕಟ್ಟಿದೆವು, ಅದರಲ್ಲೊಂದು ಗುಂಡಿ. ಒತ್ತಿದರೆ ಸದಸ್ಯರೆಲ್ಲರ ಹಾಜರಿ ಓದಿ, ಬರಬೇಕಾದ ಓವರ್‌ಟೈಮ್ ತೋರಿಸಬೇಕು. ಒತ್ತಿದೆವು. ಕಿಟಕಿ ಮಿಸುಕಲಿಲ್ಲ. ‘ಇದು ಓದಿದವರ ಕೆಲಸ’ ಎಂದು ಎದ್ದೇಬಿಡುವವರಿದ್ದೆವು.

ಆಮೇಲೆ ತಪ್ಪು ತಿಳಿಯಿತು. ಕೊನೆಯ ಸಾಲಿನ ‘ಮೈನ್‌ಲೂಪ್’ ನಮ್ಮ ಸಪ್ಲೈಯರನಂತೆ. ಕರೆದ ಮೇಜಿಗೆ ಓಡುತ್ತದೆ. ಸಪ್ಲೈಯರನೇ ಒಳಗೆ ದೋಸೆ ಹೊಯ್ಯುತ್ತ ನಿಂತರೆ ಗಿರಾಕಿಯನ್ನು ಕೇಳುವವರಾರು? ದೊಡ್ಡ ಲೆಕ್ಕವನ್ನು ತುಂಡು ಮಾಡಿ, ‘ಆಫ್ಟರ್’ ಎಂಬ ಆಜ್ಞೆಯಿಂದ ಬಿಡುವು ಕೊಟ್ಟು ಕೊಟ್ಟು ಮಾಡಿಸಿದೆವು. ಕಿಟಕಿ ಮಾತು ಕೇಳಿತು. ಓವರ್‌ಟೈಮ್ ಲೆಕ್ಕವೂ ಬಂತು.

ಪೈಥಾನ್‌ಗೆ ಕಾಸು ಕೊಡಬೇಕಿಲ್ಲ. ಹತ್ತು ಮೇಜಿನ ಆರ್ಡರು ಚೀಟಿಯಿಲ್ಲದೆ ನೆನಪಿಡುವವರು ನಾವು, ಇದನ್ನು ಕಲಿಯಲಾರೆವೇ? ಬನ್ನಿ, ನಮ್ಮ ಲೆಕ್ಕ ನಾವೇ ಇಡೋಣ.